ಗೋವಾ 70.3: ಸೈಕಲ್‌ನಲ್ಲಿ ಎಷ್ಟು ಒತ್ತಬೇಕು, ಓಟಕ್ಕೆ ಎಷ್ಟು ಉಳಿಸಬೇಕು?

ಕಟಪಾಡಿ ಅಕ್ಕ

ಎಲ್ಲರಿಗೂ ನಮಸ್ಕಾರ. ಈ ಸಲದ ಗೋವಾ 70.3ಕ್ಕೆ, ಅಂದರೆ ಈಜು, ಸೈಕಲ್, ಓಟ ಸೇರಿ 70.3 ಮೈಲಿಯ ರೇಸಿಗೆ, ಹೆಸರು ಕೊಟ್ಟಿದ್ದೇನೆ. ಇಷ್ಟು ಉದ್ದದ ಟ್ರಯಥ್ಲಾನ್ ನನಗೆ ಹೊಸದು. ಕಡಲಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಎಲ್ಲ ಸೇರಿ ಎಂಟೂವರೆ ಗಂಟೆಯ ಒಳಗೆ ಮುಗಿಯಬೇಕು. ನನ್ನ ಪ್ಲ್ಯಾನ್ ಕೆಳಗೆ ಬರೆದಿದ್ದೇನೆ. ಓದಿ, ಎಲ್ಲಿ ಸರಿ ಇಲ್ಲವೋ ಅಲ್ಲಿ ನೇರವಾಗಿ ಹೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ನನ್ನ ವಿಷಯ ಸ್ವಲ್ಪ ಹೇಳುತ್ತೇನೆ. ವಯಸ್ಸು 42. ಸಹಕಾರಿ ಸಂಘದಲ್ಲಿ ಕ್ಯಾಶ್ ಕೌಂಟರ್ ಕೆಲಸ. ಮಗಳು ಪಿಯುಸಿ, ಅತ್ತೆ ನಮ್ಮ ಜೊತೆಗೇ ಇದ್ದಾರೆ. ಹಾಗಾಗಿ ಬೆಳಗ್ಗೆ ಐದರಿಂದ ಏಳೂವರೆ ತನಕ ಮಾತ್ರ ನನ್ನ ಸಮಯ. ಭಾನುವಾರ ಹತ್ತು ಗಂಟೆವರೆಗೆ ಯಾರೂ ಕೇಳುವುದಿಲ್ಲ. ಈಜು ಕಲಿತದ್ದು ದೊಡ್ಡವಳಾದ ಮೇಲೆ. ಮಗಳನ್ನು ಅಜ್ಜರಕಾಡಿನ ಈಜುಕೊಳಕ್ಕೆ ಕರೆದುಕೊಂಡು ಹೋಗುತ್ತಿದ್ದೆ, ಸುಮ್ನೆ ಮೆಟ್ಟಿಲ ಮೇಲೆ ಕೂತಿರುವ ಬದಲು ನಾನೂ ಇಳಿದೆ. ಮಗಳು ಬಿಟ್ಟಳು, ನಾನು ಬಿಡಲಿಲ್ಲ.

ಈಗಿನ ಲೆಕ್ಕ ಹೀಗಿದೆ. ಕೊಳದಲ್ಲಿ 1.9 ಕಿ.ಮೀ. 52 ನಿಮಿಷ. ಕಟಪಾಡಿಯಿಂದ ಹೈವೇಯಲ್ಲಿ ಕುಂದಾಪುರ ಹೋಗಿ ಬಂದರೆ ಹತ್ತಿರ ಹತ್ತಿರ 90 ಕಿ.ಮೀ., ಅದಕ್ಕೆ 3 ಗಂಟೆ 25 ನಿಮಿಷ ಹಿಡಿಯಿತು. ಬರೀ ಹಾಫ್ ಮ್ಯಾರಥಾನ್ ಓಡಿದರೆ 2 ಗಂಟೆ 12 ನಿಮಿಷ. ಸೈಕಲ್ ಮಾಮೂಲಿ ರೋಡ್ ಬೈಕ್, ಮುಂದಕ್ಕೆ ಬಾಗಿ ಮೊಣಕೈ ಇಡುವ ಏರೋಬಾರ್ ಇಲ್ಲ. ಕೈಯಲ್ಲಿ ನಾಡಿಬಡಿತ ತೋರಿಸುವ ವಾಚ್ ಇದೆ. ಇಂದ್ರಾಳಿಯಿಂದ ಟೈಗರ್ ಸರ್ಕಲ್‌ವರೆಗಿನ ಏರನ್ನು ಉಸಿರು ಕಟ್ಟಿ ಹತ್ತಿದಾಗ 178 ತೋರಿಸಿತ್ತು. ಅದಕ್ಕಿಂತ ಮೇಲೆ ಯಾವತ್ತೂ ನೋಡಿಲ್ಲ.

ರೇಸಿಗೆ ಹಾಕಿಕೊಂಡ ಪ್ಲ್ಯಾನ್: ಈಜು 50 ನಿಮಿಷ, ಬಟ್ಟೆ-ಶೂ ಬದಲಿಸಿ ಸೈಕಲ್ ಹತ್ತಲು 6 ನಿಮಿಷ, ಸೈಕಲ್ 3 ಗಂಟೆ 15 ನಿಮಿಷ, ಮತ್ತೆ 4 ನಿಮಿಷ, ಓಟ 2 ಗಂಟೆ 20 ನಿಮಿಷ. ಒಟ್ಟು 6 ಗಂಟೆ 35 ನಿಮಿಷ. ಸೈಕಲ್ ನನಗೆ ಇಷ್ಟ, ಅಲ್ಲೇ ಸ್ವಲ್ಪ ಜಾಸ್ತಿ ಒತ್ತಿ ಹತ್ತು ನಿಮಿಷ ಗಳಿಸಿಕೊಂಡರೆ ಓಟದಲ್ಲಿ ನಿರಾಳ ಆಗಬಹುದು ಅಂತ ನನ್ನ ಯೋಚನೆ.

ಇನ್ನೆರಡು ಸಂಶಯ ಇವೆ. ಒಂದು, ಕಡಲು. ಮಲ್ಪೆಯಲ್ಲಿ ದಡದ ಹತ್ತಿರ ಈಜಿದ್ದೇನೆ, ಆದರೆ ನೂರಾರು ಜನರ ಜೊತೆ ಈಜುವುದು ಹೇಗಿರುತ್ತದೋ. ಇನ್ನೊಂದು, ಊಟದ್ದು. ರೇಸಿನ ನಡುವೆ ತಿನ್ನುವ ಸಿಹಿ ಜೆಲ್ ಪ್ಯಾಕೆಟ್ ನನ್ನ ಹೊಟ್ಟೆಗೆ ಆಗುವುದಿಲ್ಲ, ಬೆಲೆಯೂ ಜಾಸ್ತಿ. ಖರ್ಜೂರ, ಬಾಳೆಹಣ್ಣು, ಬೆಲ್ಲದಲ್ಲೇ ಏಳು ಗಂಟೆ ತಳ್ಳಬಹುದಾ? ಬೊಂಡದ ನೀರು ಬಾಟಲಿಗೆ ತುಂಬಿಸಿಕೊಂಡರೆ ಸಾಕಲ್ವಾ?

---

ಬಿಜೈ ಮಾಸ್ಟ್ರು

ಕಟಪಾಡಿಯವರೇ, ಉತ್ತರ ಬರೆಯುವ ಮೊದಲು ಒಂದು ಪ್ರಶ್ನೆ. ಕುಂದಾಪುರದ ಆ 3 ಗಂಟೆ 25 ನಿಮಿಷ ಒಬ್ಬರೇ ಹೋದದ್ದಾ, ಗುಂಪಿನಲ್ಲಾ? ಬೆಳಗ್ಗೆ ಎಷ್ಟು ಗಂಟೆಗೆ ಹೊರಟಿರಿ?

---

ಕಟಪಾಡಿ ಅಕ್ಕ

ಗುಂಪಿನಲ್ಲಿ ಮಾಸ್ಟ್ರೇ. ಉಡುಪಿಯ ಸೈಕಲ್‌ನವರು ಆರೇಳು ಜನ ಇದ್ದರು. ನಾನು ಹೆಚ್ಚಾಗಿ ಮೂರನೆಯವಳೋ ನಾಲ್ಕನೆಯವಳೋ ಆಗಿ ಹಿಂದೆ ಇದ್ದೆ. ಐದೂವರೆಗೆ ಹೊರಟು ಒಂಬತ್ತಕ್ಕೆ ಮೊದಲೇ ಮನೆ ಸೇರಿದ್ದೆ. ಮೋಡ ಇತ್ತು.

---

ಪಣಂಬೂರು ಈಜು

ಮಾಸ್ಟ್ರು ಸೈಕಲ್ ವಿಷಯ ಹೇಳುತ್ತಾರೆ, ನಾನು ಕಡಲಿನದ್ದು ಹೇಳುತ್ತೇನೆ.

ಅಕ್ಕ, ಕೊಳದ 52 ನಿಮಿಷ ಕಡಲಲ್ಲಿ 50 ಆಗುವುದಿಲ್ಲ. ಕೊಳದಲ್ಲಿ ಪ್ರತಿ ಸುತ್ತಿಗೂ ಗೋಡೆ ಒದ್ದು ಮುಂದೆ ಹೋಗುತ್ತೀರಿ. ಕಡಲಲ್ಲಿ ಗೋಡೆಯೂ ಇಲ್ಲ, ಕೆಳಗೆ ಕಪ್ಪು ಗೆರೆಯೂ ಇಲ್ಲ. ಉಪ್ಪುನೀರು ಮೈಯನ್ನು ಸ್ವಲ್ಪ ಮೇಲೆ ಎತ್ತಿ ಹಿಡಿಯುತ್ತದೆ, ಆದರೆ ಆ ಲಾಭವನ್ನು ಅಂಕುಡೊಂಕಾಗಿ ಹೋಗುವುದರಲ್ಲೇ ಕಳೆದುಕೊಳ್ಳುತ್ತೇವೆ. 55ರಿಂದ 60 ನಿಮಿಷ ಅಂತ ಇಟ್ಟುಕೊಳ್ಳಿ. ಈಜಿನ ಕಟ್‌ಆಫ್, ಅಂದರೆ ಮುಗಿಸಲೇಬೇಕಾದ ಕೊನೆಯ ಸಮಯ, 1 ಗಂಟೆ 10 ನಿಮಿಷ, ಅಂದರೆ ನೂರು ಮೀಟರಿಗೆ 3 ನಿಮಿಷ 40 ಸೆಕೆಂಡು ಸಿಗುತ್ತದೆ. ನೀವು ಅದಕ್ಕಿಂತ ಎಷ್ಟೋ ಮುಂದಿದ್ದೀರಿ. ಇಲ್ಲಿ ಐದು ನಿಮಿಷ ಉಳಿಸಲು ಹೋಗಿ ನಾಡಿ ಏರಿಸಿಕೊಳ್ಳಬೇಡಿ.

ದಾರಿ ಹಿಡಿಯುವುದನ್ನು ಕಲಿಯಿರಿ, ಅದೇ ಮುಖ್ಯ. ನೀರಿನ ಮೇಲೆ ದೊಡ್ಡ ಬಣ್ಣದ ಬೋಯ್ ತೇಲಿಸಿರುತ್ತಾರೆ, ಅದನ್ನು ನೋಡಿಕೊಂಡು ಹೋಗಬೇಕು. ಆದರೆ ಅಲೆಯ ತಗ್ಗಿನಲ್ಲಿ ಇದ್ದಾಗ ಅದು ಕಾಣುವುದೇ ಇಲ್ಲ. ಹಾಗಾಗಿ ಅದರ ನೇರಕ್ಕೆ ಹಿಂದೆ ಇರುವ ಎತ್ತರದ ಏನಾದರೂ ಒಂದನ್ನು ಹಿಡಿದುಕೊಳ್ಳಿ. ಕಟ್ಟಡ, ಗುಡ್ಡ, ತೆಂಗಿನ ಸಾಲು, ಯಾವುದಾದರೂ ಆಗುತ್ತದೆ. ಅಭ್ಯಾಸಕ್ಕೆ ನಿಮ್ಮ ಮನೆಯಿಂದ ಕಾಪು ಹತ್ತಿರ, ದೀಪಸ್ತಂಭಕ್ಕಿಂತ ಒಳ್ಳೆಯ ಗುರುತು ಇನ್ನೆಲ್ಲಿ ಸಿಗುತ್ತದೆ? ಆದರೆ ಅಲ್ಲಿ ಬಂಡೆ ಇದೆ. ಬಂಡೆಯಿಂದ ದೂರ, ಮರಳಿನ ಬದಿಯಲ್ಲಿ ಮಾತ್ರ ಇಳಿಯಿರಿ. ತಲೆ ಪೂರ್ತಿ ಎತ್ತಬೇಡಿ, ಸೊಂಟ ಕೆಳಗೆ ಹೋಗುತ್ತದೆ. ಮೊಸಳೆ ಕಣ್ಣು ಮಾತ್ರ ಮೇಲೆ ತರುವ ಹಾಗೆ ಕಣ್ಣು ಮೇಲೆ ತಂದು ನೋಡಿ, ಕೂಡಲೇ ಬದಿಗೆ ತಿರುಗಿ ಉಸಿರು ತೆಗೆದುಕೊಳ್ಳಿ. ಆರೆಂಟು ಕೈಗೊಮ್ಮೆ ನೋಡಿದರೆ ಸಾಕು.

ಜನಜಂಗುಳಿಯ ಹೆದರಿಕೆ ಬೇಡ. ಈಗ ಎಲ್ಲರನ್ನೂ ಒಟ್ಟಿಗೆ ನೀರಿಗೆ ಬಿಡುವುದಿಲ್ಲ, ಸಾಲಿನಲ್ಲಿ ಕೆಲವರನ್ನೇ ಬಿಡುತ್ತಾ ಹೋಗುತ್ತಾರೆ. ನಿಮ್ಮ ಸಮಯ ಶುರುವಾಗುವುದು ನೀವು ಗೆರೆ ದಾಟಿದ ಮೇಲೆ. ನಿಮ್ಮ ವೇಗದವರ ಸಾಲಿನಲ್ಲೇ, ಅದರಲ್ಲೂ ಸ್ವಲ್ಪ ಬದಿಗೆ ನಿಂತುಕೊಳ್ಳಿ. ಮೊದಲ 200 ಮೀಟರ್ ಬೇಕೆಂದೇ ನಿಧಾನ ಹೋಗಿ. ಆ ಹೊತ್ತಿಗೆ ಎದೆ ಡವಡವ ಅನ್ನುವುದು ಎಲ್ಲರಿಗೂ ಇರುತ್ತದೆ. ನೀರೊಳಗೆ ಉಸಿರನ್ನು ಪೂರ್ತಿ ಬಿಟ್ಟರೆ ಅದು ತನ್ನಿಂತಾನೇ ಇಳಿಯುತ್ತದೆ. ಕನ್ನಡಕದ ಪಟ್ಟಿ ಟೋಪಿಯ ಒಳಗೆ ಇರಲಿ. ಯಾರದ್ದಾದರೂ ಕೈ ತಾಗಿದರೂ ಆಗ ಕಳಚುವುದಿಲ್ಲ.

ಮೈ ಬೆಚ್ಚಗಿಡುವ ರಬ್ಬರ್ ಈಜುಡುಗೆ, ವೆಟ್‌ಸೂಟ್, ಕೊಳ್ಳಬೇಡಿ. ನಮ್ಮ ಅರಬ್ಬಿ ಕಡಲು ಆ ಸಮಯದಲ್ಲಿ 28-29 ಡಿಗ್ರಿ ಇರುತ್ತದೆ. ವಯಸ್ಸಿನ ಗುಂಪಿನವರಿಗೆ, ಅಂದರೆ ವೃತ್ತಿಪರರಲ್ಲದ ನಮ್ಮಂಥವರಿಗೆ, ವೆಟ್‌ಸೂಟ್ ಬಿಡುವುದು 24.5 ಡಿಗ್ರಿವರೆಗೆ.

ಒಂದು ಮಾತ್ರ ದಯವಿಟ್ಟು ಕೇಳಿ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ರಜೆ ಮುಗಿದು ದೋಣಿ ಇಳಿಯಿತು ಅಂದರೆ ಈಜಲು ಕಡಲು ತೆರೆಯಿತು ಅಂತ ಅರ್ಥ ಅಲ್ಲ. ಚೌತಿ ಕಳೆದು, ಗಾಳಿ ಇಳಿದು, ಜೀವರಕ್ಷಕರು ಆಗಬಹುದು ಅಂದ ಮೇಲೆಯೇ ಇಳಿಯಿರಿ. ಬೆಳಗ್ಗೆ ನೆಲದ ಕಡೆಯಿಂದ ಗಾಳಿ ಬೀಸುವಾಗ ನೀರು ಸಮ ಇರುತ್ತದೆ, ಹತ್ತು ಗಂಟೆ ಆದ ಮೇಲೆ ಕಡಲಗಾಳಿ ಶುರು. ದಡಕ್ಕೆ ಸಮಾನಾಂತರವಾಗಿ ಈಜಿ, ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ತೇಲುಚೀಲ ಇರಲಿ, ಒಬ್ಬರೇ ಯಾವತ್ತೂ ಬೇಡ. ಸೆಳೆತ ಹೊರಗೆ ಎಳೆದರೆ ಅದರ ಎದುರು ಹೋರಾಡಬೇಡಿ. ಅಡ್ಡಕ್ಕೆ ಈಜಿ ಅದರಿಂದ ಹೊರಗೆ ಬಂದು, ಆಮೇಲೆ ದಡಕ್ಕೆ ತಿರುಗಿ.

---

ಬಿಜೈ ಮಾಸ್ಟ್ರು

ಈಗ ಸೈಕಲ್ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಆರೇಳು ಜನರ ಹಿಂದೆ ಕೂತು ಬಂದ 3 ಗಂಟೆ 25 ನಿಮಿಷವನ್ನು ರೇಸಿನ ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ. ಮುಂದಿನವರು ಗಾಳಿಯನ್ನು ಸೀಳಿ ಕೊಡುತ್ತಾರೆ, ಹಿಂದಿನವರಿಗೆ ಶ್ರಮ ಎಷ್ಟೋ ಕಡಿಮೆ. 70.3ರಲ್ಲಿ ವಯಸ್ಸಿನ ಗುಂಪಿನವರಿಗೆ ಇದಕ್ಕೆ ಅವಕಾಶವೇ ಇಲ್ಲ. ಮುಂದಿನ ಸೈಕಲ್‌ನ ಮುಂಚಕ್ರದಿಂದ ನಿಮ್ಮ ಮುಂಚಕ್ರಕ್ಕೆ 12 ಮೀಟರ್ ಇರಬೇಕು. ಆ ಅಂತರದ ಒಳಗೆ ಹೋದರೆ 25 ಸೆಕೆಂಡಿನಲ್ಲಿ ದಾಟಿ ಮುಂದೆ ಹೋಗಲೇಬೇಕು. ಯಾರಾದರೂ ನಿಮ್ಮನ್ನು ದಾಟಿದರೆ ಹಿಂದೆ ಸರಿಯುವ ಕೆಲಸ ನಿಮ್ಮದು. ತಪ್ಪಿದರೆ ನೀಲಿ ಕಾರ್ಡ್, 5 ನಿಮಿಷ ಪೆನಾಲ್ಟಿ ಟೆಂಟಿನಲ್ಲಿ ನಿಲ್ಲಬೇಕು. ಅಂದರೆ 90 ಕಿ.ಮೀ. ಪೂರ್ತಿ ಗಾಳಿ ನಿಮ್ಮ ಎದೆಗೇ. ನೀವು ಒಬ್ಬರೇ ಹೋದರೆ ಅದೇ ಶ್ರಮಕ್ಕೆ 3 ಗಂಟೆ 40 ನಿಮಿಷ ಆದರೂ ನನಗೆ ಆಶ್ಚರ್ಯ ಇಲ್ಲ.

ಹತ್ತು ಹದಿನೈದು ನಿಮಿಷ ಗಳಿಸಲು ಎಷ್ಟು ತೆರಬೇಕಾಗುತ್ತದೆ ನೋಡಿ. 3 ಗಂಟೆ 30 ನಿಮಿಷ ಅಂದರೆ ಗಂಟೆಗೆ 25.7 ಕಿ.ಮೀ. ವೇಗ. 3 ಗಂಟೆ 15 ನಿಮಿಷ ಅಂದರೆ 27.7. ಎರಡೇ ಕಿಲೋಮೀಟರ್ ವ್ಯತ್ಯಾಸ ಅಲ್ವಾ ಅನ್ನಿಸುತ್ತದೆ. ಆದರೆ ಗಾಳಿಯನ್ನು ತಳ್ಳಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಟಯರಿನ ಘರ್ಷಣೆಯನ್ನೂ ಸೇರಿಸಿ ನೋಡಿದರೆ, ಸಮತಟ್ಟು ರಸ್ತೆಯಲ್ಲಿ ಆ ಎರಡು ಕಿಲೋಮೀಟರಿಗೆ ಕಾಲು ಸುಮಾರು ಐದನೇ ಒಂದು ಭಾಗ ಜಾಸ್ತಿ ದುಡಿಯಬೇಕು. ಅದೂ ಮೂರು ಗಂಟೆಗಿಂತ ಜಾಸ್ತಿ ಹೊತ್ತು. ಆಮೇಲೆ ಅದೇ ಕಾಲಿನಲ್ಲಿ ಓಡಬೇಕು.

ಇದಕ್ಕೆ ನಮ್ಮ ಕರಾವಳಿಯ ಸೆಕೆ ಸೇರಿಸಿ. ಬೆಂಗಳೂರಿನವರು ಬರೆದ ಪ್ಲ್ಯಾನ್ ನಮಗೆ ಆಗುವುದಿಲ್ಲ ಅಂತ ನಾನು ಯಾಕೆ ಹೇಳುತ್ತಿರುತ್ತೇನೆ ಅಂದರೆ ಇದಕ್ಕೇ. ಬೆವರು ಬಂದರೆ ಮೈ ತಣ್ಣಗಾಗುವುದಿಲ್ಲ, ಬೆವರು ಆರಿದರೆ ತಣ್ಣಗಾಗುತ್ತದೆ. ನಮ್ಮ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುತ್ತದೆ, ಬೆವರು ಆರದೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ. ನೀರು, ಉಪ್ಪು ಎರಡೂ ಹೋಯಿತು, ತಂಪು ಮಾತ್ರ ಸಿಗಲಿಲ್ಲ. ಆಗ ದೇಹ ಚರ್ಮದ ಕಡೆಗೆ ರಕ್ತ ಜಾಸ್ತಿ ಕಳಿಸುತ್ತದೆ, ಕಾಲಿನ ಸ್ನಾಯುವಿಗೂ ರಕ್ತ ಬೇಕು, ಎರಡನ್ನೂ ಹೃದಯವೇ ತೂಗಿಸಬೇಕು. ವೇಗ ಅಷ್ಟೇ ಇದ್ದರೂ ನಾಡಿ ಮೆಲ್ಲ ಮೆಲ್ಲ ಏರುತ್ತಾ ಹೋಗುತ್ತದೆ. ಸೈಕಲ್ ಮೇಲೆ ಇರುವಾಗ ಎದುರುಗಾಳಿ ಇರುವುದರಿಂದ ಇದು ಅಷ್ಟು ಗೊತ್ತಾಗುವುದಿಲ್ಲ. ಇಳಿದು ಓಡಲು ಶುರು ಮಾಡಿದ ಕೂಡಲೇ ಗಾಳಿ ನಿಲ್ಲುತ್ತದೆ, ಬಿಸಿಲು ನೆತ್ತಿಗೆ ಬಂದಿರುತ್ತದೆ, ಗಂಟೆ ಹನ್ನೊಂದೂವರೆ ಆಗಿರುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ: ವೇಗದ ಮೇಲೆ ಪ್ಲ್ಯಾನ್ ಮಾಡಬೇಡಿ, ನಾಡಿಯ ಮೇಲೆ ಮಾಡಿ. ನಿಮ್ಮ ಗರಿಷ್ಠ 178 ಅಂತ ಹಿಡಿದರೆ ಸೈಕಲ್‌ನಲ್ಲಿ 138 ದಾಟಬೇಡಿ. ಹ್ಯಾಂಡಲ್ ಮೇಲೆ ಬಿಳಿ ಟೇಪ್ ಅಂಟಿಸಿ, ಪೆನ್ನಿನಲ್ಲಿ ದೊಡ್ಡದಾಗಿ 138 ಅಂತ ಬರೆದುಬಿಡಿ. ನೀರಿನಿಂದ ಎದ್ದು ಬಂದಾಗ ನಾಡಿ ಹೇಗೂ ಮೇಲೆ ಇರುತ್ತದೆ. ಮೊದಲ 15-20 ನಿಮಿಷ ಹಗುರ ಗೇರಿನಲ್ಲಿ ತುಳಿದು ಅದನ್ನು ಇಳಿಸಿ. ಏರಿನಲ್ಲಿ ಐದಾರು ಬಡಿತ ಜಾಸ್ತಿ ಆದರೆ ಪರವಾಗಿಲ್ಲ, ಇಳಿಜಾರಿನಲ್ಲಿ ವಾಪಸ್ ಕೊಡಿ. ಮೊದಲ ಅರ್ಧದಲ್ಲಿ ಜನ ನಿಮ್ಮನ್ನು ದಾಟಿಕೊಂಡು ಹೋಗುತ್ತಾರೆ. ಹೋಗಲಿ ಬಿಡಿ. ಅವರಲ್ಲಿ ತುಂಬಾ ಜನ ಓಟದ ಎರಡನೇ ಸುತ್ತಿನಲ್ಲಿ ರಸ್ತೆ ಬದಿಯಲ್ಲಿ ಸೊಂಟಕ್ಕೆ ಕೈ ಇಟ್ಟು ನಡೆಯುತ್ತಿರುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ.

ಓಟದ ಲೆಕ್ಕ ಮಾಡಿ ನೋಡಿ. ನೀವು ಹಾಕಿದ 2 ಗಂಟೆ 20 ನಿಮಿಷಕ್ಕೆ ಕಿಲೋಮೀಟರಿಗೆ 6 ನಿಮಿಷ 38 ಸೆಕೆಂಡು ಬೇಕು. ಬರೀ ಹಾಫ್ ಓಡುವಾಗಲೇ ನಿಮ್ಮದು 6:15. ನಾಲ್ಕೂವರೆ ಗಂಟೆ ದುಡಿದ ಮೇಲೆ, ನಡು ಮಧ್ಯಾಹ್ನ, ಅಷ್ಟು ಹತ್ತಿರದ ವೇಗ ಸಿಗುವುದಿಲ್ಲ. 7:20ರಂತೆ ಓಡಿದರೆ 2 ಗಂಟೆ 35 ನಿಮಿಷ ಆಗುತ್ತದೆ. ಇನ್ನೊಂದು ಲೆಕ್ಕ ಹಾಕಿ: ಸೈಕಲ್‌ನಲ್ಲಿ ಒತ್ತಿ ಬಂದು, 11 ಕಿ.ಮೀ. 6:40ರಲ್ಲಿ ಓಡಿ, ಉಳಿದ 10 ಕಿ.ಮೀ. ನಡೆದರೆ? ನಡಿಗೆಗೆ ಕಿಲೋಮೀಟರಿಗೆ ಹತ್ತು ಹತ್ತೂವರೆ ನಿಮಿಷ. ಒಟ್ಟು ಮೂರು ಗಂಟೆ ಹತ್ತಿರ ಹೋಗುತ್ತದೆ. ಸೈಕಲ್‌ನಲ್ಲಿ ಗಳಿಸಿದ್ದು ಹದಿನೈದು ನಿಮಿಷ, ಓಟದಲ್ಲಿ ಕಳೆದದ್ದು ಇಪ್ಪತ್ತೈದು.

ಇನ್ನು ಭಾನುವಾರದ ನಿಮ್ಮ ಐದು ಗಂಟೆಯ ಸಮಯ. ಅದು ಚಿನ್ನ. ಬೆಳಕು ಹರಿಯುವಾಗ, ಆರಕ್ಕೆ, ಒಬ್ಬರೇ ಹೊರಟು ಎರಡೂವರೆ ಗಂಟೆ ಸೈಕಲ್. ಎಂಟೂವರೆಗೆ ಸೈಕಲ್ ಗೋಡೆಗೆ ಒರಗಿಸಿ ಶೂ ಬದಲಿಸಿ ಕೂಡಲೇ ಓಟ, ಒಂಬತ್ತೂವರೆವರೆಗೆ. ನಡುವೆ ಕೂತುಕೊಳ್ಳಬಾರದು, ಅದೇ ಅಭ್ಯಾಸ. ಅಕ್ಟೋಬರ್ ಬಂದರೆ ಒಂಬತ್ತಕ್ಕೇ ನಮ್ಮಲ್ಲಿ ಬಿಸಿಲು ಚುಚ್ಚಲು ಶುರುವಾಗುತ್ತದೆ. ಬೇರೆ ಊರಿನವರು ಗೋವಾದ ಸೆಕೆಗೆ ಒಗ್ಗಿಕೊಳ್ಳಲು ವಾರ ಮೊದಲೇ ಬಂದು ಲಾಡ್ಜ್ ಹಿಡಿಯಬೇಕು. ನಿಮಗೆ ಅದೇ ಕಡಲು, ಅದೇ ಗಾಳಿ ಮನೆ ಬಾಗಿಲಲ್ಲೇ ಉಂಟು. ದೇಹ ಸೆಕೆಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಸಾಕು, ಆದರೆ ಮೊದಲ ದಿನವೇ ಬಿಸಿಲಿನಲ್ಲಿ ಗಂಟೆ ಓಡಬೇಡಿ. ಅರ್ಧ ಗಂಟೆಯಿಂದ ಶುರು ಮಾಡಿ. ಚಳಿ ಹಿಡಿದ ಹಾಗೆ ಆದರೆ, ತಲೆ ಸುತ್ತಿದರೆ, ಮಾತು ತೊದಲಿದರೆ ಅಲ್ಲೇ ನಿಲ್ಲಿಸಿ ನೆರಳಿಗೆ ಹೋಗಿ ತಲೆ ಮೇಲೆ ನೀರು ಸುರಿದುಕೊಳ್ಳಿ. ರೇಸಿನ ದಿನವೂ ಇದೇ ನಿಯಮ.

---

ಮಣಿಪಾಲ ಪಥ್ಯ

ಅಕ್ಕ, ನಾನು ಡಯಟಿಶಿಯನ್. ಊಟದ ಪ್ರಶ್ನೆಗೆ ನಾನು ಹೇಳುತ್ತೇನೆ.

ಖರ್ಜೂರ, ಬಾಳೆಹಣ್ಣು, ಬೆಲ್ಲ ಖಂಡಿತ ಆಗುತ್ತದೆ. ಜೆಲ್‌ನಲ್ಲಿ ಇರುವುದೂ ಸಕ್ಕರೆಯೇ. ನಿಮಗೆ ಬೇಕಾದದ್ದು ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್. ಮಾಮೂಲಿ ಸಣ್ಣ ಖರ್ಜೂರ ಒಂದರಲ್ಲಿ ಐದಾರು ಗ್ರಾಂ ಇರುತ್ತದೆ. 10 ಗ್ರಾಂ ಬೆಲ್ಲದಲ್ಲಿ ಒಂಬತ್ತು ಗ್ರಾಂಗೆ ಮೇಲೆ. ಅರ್ಧ ಬಾಳೆಹಣ್ಣಿನಲ್ಲಿ ಹತ್ತರ ಆಸುಪಾಸು. ಆದರೆ ಎಲ್ಲವನ್ನೂ ಜಗಿದೇ ತಿನ್ನುತ್ತೇನೆ ಅಂದರೆ ಸೈಕಲ್ ಮೇಲೆ ಕಷ್ಟ, ಅರ್ಧ ಭಾಗ ಬಾಟಲಿಯಲ್ಲಿ ಇರಲಿ.

ನಾನು ಕೊಡುವ ಲೆಕ್ಕ ಇದು, ಒಂದು ಗಂಟೆಗೆ: 750 ಎಂ.ಎಲ್. ಬಾಟಲಿಗೆ ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟಿನ ಅರ್ಧ, 30 ಗ್ರಾಂ ಸಕ್ಕರೆ, ಅರ್ಧ ನಿಂಬೆ. ಅದರ ಜೊತೆ ಎರಡು ಖರ್ಜೂರ, ಅರ್ಧ ಬಾಳೆಹಣ್ಣು. ಕೂಡಿಸಿದರೆ 60 ಹತ್ತಿರ ಬರುತ್ತದೆ. ಸಕ್ಕರೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಇವೆ, ಕರುಳು ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಹೀರಿಕೊಳ್ಳುತ್ತದೆ. ಅದಕ್ಕೇ ಬರೀ ಗ್ಲೂಕೋಸ್ ಪುಡಿಗಿಂತ ಇದು ಹೊಟ್ಟೆಗೆ ಹಗುರ. ಡಬ್ಲ್ಯುಎಚ್‌ಒ ಲೆಕ್ಕದ ಪ್ಯಾಕೆಟನ್ನೇ ತೆಗೆದುಕೊಳ್ಳಿ, ಅಂಗಡಿಯಲ್ಲಿ ಅದರ ಹಾಗೇ ಕಾಣುವ ಸಿಹಿ ಪಾನೀಯದ ಡಬ್ಬಿ ಬೇಡ. ನಿಮಗೆ ಬಿಪಿ ಇದ್ದರೆ ಇಷ್ಟು ಉಪ್ಪಿನ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

ಬೊಂಡ ಒಳ್ಳೆಯದೇ, ಆದರೆ ಅದರಲ್ಲಿ ಜಾಸ್ತಿ ಇರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಜಾಸ್ತಿ ಹೋಗುವುದು ಸೋಡಿಯಂ. ಬೊಂಡ ಒಂದನ್ನೇ ನಂಬಬೇಡಿ. ಬರೀ ನೀರನ್ನೂ ನಂಬಬೇಡಿ. ಆರೇಳು ಗಂಟೆ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ, ಪ್ರಾಣಕ್ಕೂ ಅಪಾಯ. ನಿಮಗೆ ಎಷ್ಟು ಬೇಕು ಅಂತ ಮನೆಯಲ್ಲೇ ನೋಡಬಹುದು. ಒಂದು ಗಂಟೆ ಓಡುವ ಮೊದಲು ಮತ್ತು ನಂತರ, ಬೆವರು ಒರೆಸಿ, ತೂಕ ನೋಡಿ. ಒಂದು ಕಿಲೋ ಇಳಿದರೆ ಒಂದು ಲೀಟರ್ ಹೋಗಿದೆ ಅಂತ ಲೆಕ್ಕ. ನಡುವೆ ಕುಡಿದದ್ದನ್ನು ಅದಕ್ಕೆ ಸೇರಿಸಿ. ಹೋದದ್ದನ್ನೆಲ್ಲ ತುಂಬಿಸಬೇಕಾಗಿಲ್ಲ, ತುಂಬಾ ಹಿಂದೆ ಬೀಳದಿದ್ದರೆ ಸಾಕು.

ರೇಸಿನ ಹಿಂದಿನ ಎರಡು ದಿನ ಕುಚ್ಚಲಕ್ಕಿ ಅನ್ನ ಬಿಟ್ಟು ಬೆಳ್ತಿಗೆ ಅನ್ನ ತಿನ್ನಿ. ಕುಚ್ಚಲಿನಲ್ಲಿ ನಾರು ಜಾಸ್ತಿ, ಆ ದಿನ ಅದು ಬೇಡ. ಬಸಳೆ, ಹಲಸಿನ ಪದಾರ್ಥ, ಖಾರದ ಮೀನುಸಾರು ರೇಸ್ ಮುಗಿದ ಮೇಲೆ. ಬೆಳಗ್ಗೆ, ನೀರಿಗೆ ಇಳಿಯುವ ಮೂರು ಗಂಟೆ ಮೊದಲು, ನೀರುದೋಸೆ ಬೆಲ್ಲದ ಜೊತೆ, ಇಲ್ಲವೇ ಬೆಳ್ತಿಗೆ ಗಂಜಿಗೆ ಉಪ್ಪು. ಕಾಯಿ ಚಟ್ನಿ ಬೇಡ, ಕೊಬ್ಬು ಕರಗಲು ಹೊತ್ತು ಹಿಡಿಯುತ್ತದೆ. ಹೋಟೆಲ್ ರೂಮಿನಲ್ಲಿ ನಾಲ್ಕು ಗಂಟೆಗೆ ನೀರುದೋಸೆ ಯಾರು ಕೊಡುತ್ತಾರೆ ಅಂತ ಕೇಳಬೇಡಿ, ಸಣ್ಣ ಕುಕ್ಕರ್ ಕಾರಿನಲ್ಲಿ ಇಟ್ಟುಕೊಳ್ಳಿ. ಮುಖ್ಯ, ಇದನ್ನೆಲ್ಲ ಭಾನುವಾರದ ಅಭ್ಯಾಸದಲ್ಲೇ ತಿಂದು ನೋಡಿ. ಕರುಳಿಗೂ ಅಭ್ಯಾಸ ಬೇಕು.

ಸೈಕಲ್ ಹತ್ತಿ ಹತ್ತು ನಿಮಿಷದ ಮೇಲೆ ತಿನ್ನಲು ಶುರು ಮಾಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ವಾಚಿನಲ್ಲಿ ಅಲಾರಂ ಇಡಿ. ಹಸಿವಾಗುವವರೆಗೆ ಕಾಯಬೇಡಿ. ಓಟದಲ್ಲಿ ಗಂಟೆಗೆ 30-40 ಗ್ರಾಂ ಹೋದರೆ ದೊಡ್ಡದು.

---

ಸುರತ್ಕಲ್ ಹುಡುಗ

ಅಕ್ಕ, ದೊಡ್ಡವರು ಎಲ್ಲ ಹೇಳಿ ಆಯಿತು. ನಾನು ಸಣ್ಣ ಸಣ್ಣದ್ದು ಹೇಳುತ್ತೇನೆ.

ನೀರಿನಿಂದ ಬಂದು ಸೈಕಲ್ ಹತ್ತಿರ ಹೋದರೆ ಮೊದಲು ಹೆಲ್ಮೆಟ್ ಹಾಕಿ, ಬಕಲ್ ಕ್ಲಿಕ್ ಅಂದ ಮೇಲೆ ಸೈಕಲ್ ಮುಟ್ಟಿ. ಇದು ನಿಯಮ. ವಾಪಸ್ ಬಂದಾಗ ಸೈಕಲ್ ತೂಗು ಹಾಕಿದ ಮೇಲೆಯೇ ಬಕಲ್ ಬಿಚ್ಚಿ. ಹತ್ತುವ ಗೆರೆಗೆ ಮೊದಲು ಹತ್ತಬಾರದು, ಇಳಿಯುವ ಗೆರೆ ದಾಟಿ ಇಳಿಯಬಾರದು. ಇಯರ್‌ಫೋನ್ ಬೇಡ. ಭಾವ ರಸ್ತೆ ಬದಿಯಲ್ಲಿ ನಿಂತು ಬಾಳೆಹಣ್ಣು ಕೊಟ್ಟರೆ ಅದೂ ತಪ್ಪು, ಹೊರಗಿನ ಸಹಾಯ ಅಂತ ಹಿಡಿಯುತ್ತಾರೆ. ಮೊದಲೇ ಅವರಿಗೆ ಹೇಳಿಡಿ.

ಮರಳು! ಕಾಲಿಗೆ ಮರಳು ಅಂಟಿದ ಹಾಗೇ ಸಾಕ್ಸ್ ಹಾಕಿದರೆ ಓಟದ ಹೊತ್ತಿಗೆ ಬೊಕ್ಕೆ ಗ್ಯಾರಂಟಿ. ಬಟ್ಟೆ-ಶೂ ಬದಲಿಸುವ ಜಾಗದಲ್ಲಿ ಇಡುವ ಟ್ರಾನ್ಸಿಶನ್ ಚೀಲದಲ್ಲಿ ಒಂದು ಸಣ್ಣ ನೀರಿನ ಬಾಟಲಿ, ಹಳೆಯ ಬೈರಾಸು ತುಂಡು ಇಡಿ. ಕಾಲು ತೊಳೆದು, ಬೆರಳ ಸಂದು ಒರೆಸಿ, ಆಮೇಲೆ ಸಾಕ್ಸ್. ಒಂದು ನಿಮಿಷ ಹೋಗುತ್ತದೆ, ಹೋಗಲಿ. ಕಂಕುಳು, ಕುತ್ತಿಗೆ ಹಿಂಭಾಗ, ತೊಡೆಗೆ ಈಜುವ ಮೊದಲೇ ವ್ಯಾಸಲಿನ್ ದಪ್ಪಕ್ಕೆ ಹಚ್ಚಿ. ಉಪ್ಪುನೀರು ಒಣಗಿದ ಮೇಲೆ ಬಟ್ಟೆ ಉಜ್ಜುವುದು ಉಂಟಲ್ಲ, ಅದರಷ್ಟು ಉರಿ ಬೇರೆ ಇಲ್ಲ.

ಓಟದಲ್ಲಿ ಪ್ರತಿ ನೀರಿನ ಸ್ಟಾಲ್ ಬಂದಾಗ ನಡೆಯಿರಿ, ಬೇಕೆಂದೇ. ಒಂದು ಲೋಟ ಬಾಯಿಗೆ, ಒಂದು ಲೋಟ ತಲೆಗೆ. ಐಸ್ ಸಿಕ್ಕಿದರೆ ಟೋಪಿ ಒಳಗೆ ಹಾಕಿಕೊಳ್ಳಿ, ಎರಡು ತುಂಡು ಕೈಯಲ್ಲಿ ಹಿಡಿದುಕೊಳ್ಳಿ. ಸ್ಟಾಲ್ ದಾಟಿದ ಕೂಡಲೇ ಓಡಿ. ಹೀಗೆ ನಡೆದರೂ ಒಟ್ಟು ಸಮಯ ಅಷ್ಟೇನೂ ಜಾಸ್ತಿ ಆಗುವುದಿಲ್ಲ, ಕುಡಿದದ್ದು ಮಾತ್ರ ಹೊಟ್ಟೆಗೆ ಸರಿಯಾಗಿ ಹೋಗುತ್ತದೆ.

ಟ್ಯೂಬ್ ಬದಲಿಸಲು ಬರುತ್ತದಾ? ಹಿಂದಿನ ಚಕ್ರದ್ದು, ಚೈನ್ ಬದಿಯದ್ದು. ಬಾರದಿದ್ದರೆ ಈಗಲೇ ಮನೆ ಜಗುಲಿಯಲ್ಲಿ ಕೂತು ಕಲಿಯಿರಿ.

---

ಕಟಪಾಡಿ ಅಕ್ಕ

ಎಲ್ಲರಿಗೂ ತುಂಬಾ ಉಪಕಾರ. ಮಾಸ್ಟ್ರೇ, ನೀವು ಹೇಳಿದ ಹಾಗೆ ಈ ಭಾನುವಾರ ಒಬ್ಬಳೇ ಹೋಗಿ ನೋಡಿದೆ. 138 ದಾಟದ ಹಾಗೆ ಹೋದರೆ ವೇಗ 25 ಆಸುಪಾಸಿಗೆ ನಿಂತಿತು. ಹೋಗುವಾಗ ಬ್ರಹ್ಮಾವರದವರೆಗೆ ಸುಖ ಇತ್ತು. ಸಾಲಿಗ್ರಾಮ ದಾಟಿದ ಮೇಲೆ ಎದುರುಗಾಳಿ ಸಿಕ್ಕಿತು, 22ಕ್ಕೆ ಇಳಿದರೂ ನಾಡಿ 138ರಲ್ಲೇ ಇತ್ತು. ಮೊದಲಾದರೆ ಅಲ್ಲಿ ಒತ್ತುತ್ತಿದ್ದೆ. ಸುಮ್ಮನೆ ಗೇರ್ ಇಳಿಸಿ ಕೂತೆ. ಕೋಟದಿಂದಲೇ ತಿರುಗಿ ಮನೆಗೆ ಬಂದು ಓಡಿದಾಗ ಕಾಲು ಎಷ್ಟು ಹಗುರ ಇತ್ತು ಅಂದರೆ ನನಗೇ ನಂಬಿಕೆ ಬರಲಿಲ್ಲ. ಮಟ್ಟು ಕಡೆಯ ರಸ್ತೆಯಲ್ಲಿ ಏಳು ಕಿ.ಮೀ. ಓಡಿದೆ. ಒಂಬತ್ತು ಗಂಟೆಯ ಬಿಸಿಲಿತ್ತು, ಆದರೂ 7:10ರ ಆಸುಪಾಸು ಬಂತು.

ಹಾಗಾಗಿ ಪ್ಲ್ಯಾನ್ ಬದಲಿಸಿದ್ದೇನೆ. ಈಜು 55 ನಿಮಿಷ, ಕಾಲು ತೊಳೆಯುವುದು ಸೇರಿ 8 ನಿಮಿಷ, ಸೈಕಲ್ 3 ಗಂಟೆ 35 ನಿಮಿಷ, ಮತ್ತೆ 6 ನಿಮಿಷ, ಓಟ 2 ಗಂಟೆ 35 ನಿಮಿಷ. ಒಟ್ಟು 7 ಗಂಟೆ 19 ನಿಮಿಷ. ಮೊದಲಿಗಿಂತ 44 ನಿಮಿಷ ಜಾಸ್ತಿ. ಆದರೆ ಇದರಲ್ಲಿ ನನಗೆ ಭರವಸೆ ಇದೆ, ಕಟ್‌ಆಫ್‌ಗೆ ಇನ್ನೂ ಒಂದು ಗಂಟೆಗಿಂತ ಜಾಸ್ತಿ ಕೈಯಲ್ಲಿ ಉಳಿಯುತ್ತದೆ. ಪಂಕ್ಚರ್ ಆದರೂ ಹೆದರಬೇಕಾಗಿಲ್ಲ.

ಮಣಿಪಾಲದ ತಂಗಿ, ನಿಂಬೆ-ಓಆರ್‌ಎಸ್ ಬಾಟಲಿ ಚೆನ್ನಾಗಿ ಹೋಯಿತು. ಖರ್ಜೂರ ಬೀಜ ತೆಗೆದು, ನಡುವೆ ಒಂದು ಹರಳು ಉಪ್ಪು ಇಟ್ಟು, ಬಾಳೆಎಲೆ ತುಂಡಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಿದ್ದೆ. ಅಂಟಲಿಲ್ಲ, ಒಂದೇ ಕೈಯಲ್ಲಿ ಬಿಚ್ಚಲು ಬಂತು. ನಾಲ್ಕನೇ ಗಂಟೆಯಲ್ಲೂ ಸಿಹಿ ಬೇಡ ಅನ್ನಿಸದಿರಲು ಏನಾದರೂ ಉಂಟಾ?

---

ಮಣಿಪಾಲ ಪಥ್ಯ

ಉಂಟು ಅಕ್ಕ. ಒಂದು ಬಾಟಲಿಗೆ ನಿಂಬೆ ಬದಲು ಪುನರ್ಪುಳಿ ಹಾಕಿ, ಸಕ್ಕರೆ-ಉಪ್ಪು ಅದೇ ಲೆಕ್ಕ. ಹುಳಿ ಇದ್ದರೆ ಬಾಯಿ ಕೆಡುವುದಿಲ್ಲ. ಬಾಳೆಎಲೆ ಉಪಾಯ ನನ್ನ ಬೇರೆಯವರಿಗೂ ಹೇಳುತ್ತೇನೆ. ಆದರೆ ರೇಸಿನಲ್ಲಿ ಎಲೆಯನ್ನು ರಸ್ತೆಗೆ ಎಸೆಯಬೇಡಿ, ಕಸ ಹಾಕಲು ಗುರುತು ಮಾಡಿದ ಜಾಗದಲ್ಲೇ ಹಾಕಬೇಕು.

---

ಬಿಜೈ ಮಾಸ್ಟ್ರು

7 ಗಂಟೆ 19 ನಿಮಿಷ ಒಳ್ಳೆಯ ಪ್ಲ್ಯಾನ್. ಓಟದ ಕೊನೆಯ 5 ಕಿ.ಮೀ.ಗೆ ನಾಡಿಯ ಮಿತಿ ತೆಗೆದುಬಿಡಿ, ಅಲ್ಲಿ ಏನು ಉಳಿದಿದೆಯೋ ಎಲ್ಲ ಹಾಕಿ. ಅದಕ್ಕೆ ಮೊದಲು 155 ದಾಟುವುದು ಬೇಡ.

ಬರುವ ಭಾನುವಾರ ನಾನು ಉಡುಪಿಯಲ್ಲಿ ಮಗಳ ಮನೆಯಲ್ಲಿ ಇರುತ್ತೇನೆ, ಸೈಕಲ್ ತರುತ್ತೇನೆ. ಆರೂಕಾಲಿಗೆ ಉದ್ಯಾವರ ಸೇತುವೆ ಹತ್ತಿರ ಸಿಗಿ, ಕುಂದಾಪುರದವರೆಗೆ ಹೋಗಿ ಬರೋಣ. ನಾನು ನಿಮ್ಮ ಹಿಂದೆ 12 ಮೀಟರ್ ಬಿಟ್ಟು ಬರುತ್ತೇನೆ. ಗಾಳಿ ನಿಮಗೇ ಸಿಗಲಿ.